ಕಮಲಾಪುರದ ಸನಾದಿಯೊಂದಿಗೆ ಕೊನ್ಯಾಕ್ಕೆ

ಬ್ರಹ್ಮಪುರ, ಕಲಬುರಗಿ

ಟರ್ಕಿಗೆ ಬನ್ನಿ ಎಂಬ ಪತ್ರ ಬಂದಾಗ ನಾನು ಮೊದಲು ಮಾಡಿದ ಕೆಲಸ ಅದನ್ನು ಅಳಿಸಿ ಹಾಕಿದ್ದು. ಪುಕ್ಕಟೆ ಟಿಕೆಟು ಕಳಿಸುತ್ತೇವೆ ಎನ್ನುವ ಪರದೇಶದವರ ಬಗ್ಗೆ ಕಾಲೇಜಿನ ಹುಡುಗಿಯರಿಗೆ ವರ್ಷಕ್ಕೊಮ್ಮೆ ಎಚ್ಚರಿಕೆ ಹೇಳುವವಳು ನಾನು. ವಾರದ ನಂತರ ಅದೇ ಹೆಂಗಸಿನಿಂದ ಇನ್ನೊಂದು ಪತ್ರ ಬಂತು. ಹೆಸರು ಎಲಿಫ್. ಕೊನ್ಯಾ ಎಂಬ ಊರಿನಲ್ಲಿ ಊದುವ ವಾದ್ಯಗಳ ಧ್ವನಿ ಅಳೆಯುವ ಒಂದು ಪ್ರಯೋಗಾಲಯದಲ್ಲಿ ಕೆಲಸ.

ನಾನು ಕಮಲಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ದಿನಾ ಬ್ರಹ್ಮಪುರದ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕೊಳವೆಯೊಳಗಿನ ಗಾಳಿ ಹೇಗೆ ನುಡಿಯುತ್ತದೆ ಎಂಬ ಪಾಠ ಬಂದಾಗ ಕಮಲಾಪುರದ ಸನಾದಿ ವಾದಕ ಶರಣಪ್ಪನವರನ್ನು ತರಗತಿಗೆ ಕರೆಸಿ ನುಡಿಸಲು ಹೇಳಿದ್ದೆ. ಅದನ್ನು ಮೊಬೈಲಿನಲ್ಲಿ ಹಿಡಿದು ಇಂಟರ್ನೆಟ್ಟಿಗೂ ಹಾಕಿದ್ದೆ. ಎಲಿಫ್ ಕಿವಿಗೆ ಬಿದ್ದದ್ದು ಅದೇ. ಅವರ ದೇಶದ 'ಜುರ್ನಾ' ಎಂಬ ವಾದ್ಯ ನಮ್ಮ ಸನಾದಿಯ ದಾಯಾದಿಯಂತೆ. ಎರಡನ್ನೂ ಒಂದೇ ಕೋಣೆಯಲ್ಲಿಟ್ಟು ಅಳೆಯಬೇಕು, ವಾದಕರನ್ನು ಕರೆದುಕೊಂಡು ಬನ್ನಿ ಎಂದು ಬರೆದಿದ್ದರು.

ಆ ಪ್ರಯೋಗಾಲಯ ನಿಜವಾಗಿ ಇದೆಯೇ ಎಂದು ನಾಲ್ಕು ಕಡೆ ವಿಚಾರಿಸಿದೆ. ಇದೆ ಎಂದು ಗೊತ್ತಾದ ಮೇಲೆ ಇನ್ನೊಂದು ಅನುಮಾನ ಹುಟ್ಟಿತು: ಇವರಿಗೆ ನಮ್ಮ ಸನಾದಿ ಯಾಕೆ ಬೇಕು? ಶರಣಪ್ಪನವರ ತಂದೆ ತಮ್ಮ ಕೈಯಾರೆ ಶೀಸಮ್ ಕಟ್ಟಿಗೆ ಕೊರೆದು ಮಾಡಿದ ಸನಾದಿ ಅದು. ಅದರ ಹಿತ್ತಾಳೆಯ ಅಗಲ ಬಾಯಿಯನ್ನು ಕಪನೂರಿನ ಲೇತ್ ಅಂಗಡಿಯಲ್ಲಿ ಮಾಡಿಸಿದ್ದರಂತೆ. ಅಂಥ ನುಡಿ ಸುತ್ತಮುತ್ತ ಯಾರ ಸನಾದಿಗೂ ಇಲ್ಲ ಎಂಬುದು ಕಮಲಾಪುರದವರ ಮಾತು. ಅಳತೆ ತಗೊಂಡು ನಕಲು ಮಾಡಿದರೆ?

ಶರಣಪ್ಪನವರಿಗೆ ಹೇಳಿದರೆ ನಕ್ಕರು. "ನಕಲ್ ಮಾಡ್ಲಿ ಬಿಡ್ರೀ ಅಕ್ಕೋರ. ಕೊಳವಿ ನಕಲ್ ಮಾಡಬಹುದು, ಉಸುರು ಹ್ಯಾಂಗ ಮಾಡ್ತಾರ?"

ಅವರಿಗೆ ಐವತ್ತೈದರ ಮೇಲೆ ವಯಸ್ಸು. ಯಾರನ್ನಾದರೂ ನಂಬಿಬಿಡುವ ಸ್ವಭಾವ. ಅವರ ಪಾಲಿನ ಅನುಮಾನವನ್ನೂ ನಾನೇ ಪಡಬೇಕಾಗುತ್ತದೆ ಎಂದು ಅವತ್ತೇ ನಿರ್ಧರಿಸಿಕೊಂಡೆ.

ಅಂಕಾರಾದಿಂದ ಬಸ್ಸು

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಸನಾದಿಯ ಚೀಲ ತೆರೆಸಿದರು. ಇದೇನು ಎಂದು ಕೇಳಿದ ಅಧಿಕಾರಿಗೆ ಶರಣಪ್ಪನವರು ಬಾಯಿಮಾತಿನ ಉತ್ತರ ಕೊಡಲಿಲ್ಲ, ಊದಿಯೇ ಬಿಟ್ಟರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಧಿಕಾರಿ ಸನಾದಿಯನ್ನು ಬಿಟ್ಟರು, ನನ್ನ ಶೇಂಗಾ ಹಿಂಡಿಯ ಡಬ್ಬಿಯನ್ನು ಮಾತ್ರ ಮೂರು ಸಲ ಮೂಸಿ ನೋಡಿದರು. ಅದರ ಬಗ್ಗೆ ನನಗೇನೂ ಬೇಸರವಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ನಾಲ್ಕು ಸಲ ಮೂಸುತ್ತಿದ್ದೆ.

ಅಂಕಾರಾದಲ್ಲಿ ಇಳಿದು ಕೊನ್ಯಾಕ್ಕೆ ಬಸ್ಸು ಹತ್ತಿದೆವು. ಬಸ್ಸು ಹೊರಟು ಸ್ವಲ್ಪ ಹೊತ್ತಾಗಿತ್ತು. ಟೈ ಕಟ್ಟಿದ ನಿರ್ವಾಹಕ ಒಂದು ಬಾಟಲಿ ಹಿಡಿದು ಪ್ರತಿಯೊಬ್ಬರ ಅಂಗೈಗೂ ಏನೋ ಸುರಿಯುತ್ತಾ ಬಂದ. ಲಿಂಬೆಯ ಘಾಟು ವಾಸನೆ. ರೈಲಿನಲ್ಲಿ ಮತ್ತು ಬರಿಸಿ ಸಾಮಾನು ಕದಿಯುವವರ ಸುದ್ದಿ ಓದಿ ಬೆಳೆದವಳು ನಾನು. ಕೈ ಹಿಂದಕ್ಕೆ ಎಳೆದುಕೊಂಡೆ. ಶರಣಪ್ಪನವರು ಎರಡೂ ಕೈ ಚಾಚಿ ಹಿಡಿಸಿಕೊಂಡು ಮುಖಕ್ಕೆ, ಕತ್ತಿಗೆ, ಎಲ್ಲ ಕಡೆ ಸವರಿಕೊಂಡರು.

"ಅಣ್ಣಾರ, ಅದು ಏನಂತ ಗೊತ್ತಿಲ್ದ..."

"ಅತ್ತರ್ ಇದ್ದಂಗ ಅದರೀ. ಮದಿವ್ಯಾಗ ನಾವು ಗುಲಾಬಿ ನೀರು ಹೊಡಿಯಂಗಿಲ್ಲೇನು?"

ಆಮೇಲೆ ಅವರು ನಿದ್ದೆ ಹೋದರು. ನಿದ್ದೆಯೋ ಮತ್ತೋ ತಿಳಿಯದೆ ನಾನು ಮೂರು ತಾಸು ಅವರ ಉಸಿರು ಎಣಿಸುತ್ತಾ ಕೂತೆ. ಹೊರಗೆ ನಮ್ಮ ಕಡೆಯಂಥದೇ ಮರವಿಲ್ಲದ ಬಯಲು. ನಮ್ಮ ಎರೆಭೂಮಿ ಕಪ್ಪು, ಅದು ಬೂದು, ಅಲ್ಲಲ್ಲಿ ಹಿಮದ ತೇಪೆ. ಕೊನ್ಯಾ ಬಂದಾಗ ಅವರೇ ಎದ್ದು, "ಛಲೋ ನಿದ್ದಿ ಬಂತು ನೋಡ್ರಿ" ಎಂದರು.

ಕೊನ್ಯಾ: ಗಾಳಿಯ ಕಂಬ

ಎಲಿಫ್ ನನ್ನಷ್ಟೇ ವಯಸ್ಸಿನವರು, ನಲವತ್ತರ ಆಸುಪಾಸು. ಮಾತು ಕಡಿಮೆ. ಇಂಗ್ಲಿಷು ಬರುತ್ತಿದ್ದುದರಿಂದ ನಮ್ಮಿಬ್ಬರ ಮಾತು ನಡೆಯಿತು. ಶರಣಪ್ಪನವರಿಗೆ ಇಂಗ್ಲಿಷು ಬರುವುದಿಲ್ಲ, ಆದರೂ ಎರಡನೇ ದಿನಕ್ಕೆ ನನಗಿಂತ ಹೆಚ್ಚು ಮಾತಾಡುತ್ತಿದ್ದರು. ಚಹಾಕ್ಕೆ ಅಲ್ಲಿಯೂ ಚಾಯ್, ಅಂಗಡಿಗೆ ದುಕಾನ್ ಇದ್ದಂತೆ ಏನೋ ಒಂದು, ಸಾಬೂನಿಗೆ ಸಾಬೂನೇ. ಗಾಳಿಗೆ ಹವಾ. ಕಲಬುರಗಿಯ ಬಜಾರಿನಲ್ಲಿ ಓಡಾಡಿದವರಿಗೆ ಅರ್ಧ ದಾರಿ ಅಲ್ಲೇ ಸವೆದಿರುತ್ತದೆ.

ಪ್ರಯೋಗಾಲಯದಲ್ಲಿ ಒಂದು ಕೃತಕ ಬಾಯಿ ಇತ್ತು. ಗಾಜಿನ ಪೆಟ್ಟಿಗೆ, ಒಳಗೆ ರಬ್ಬರಿನ ಎರಡು ತುಟಿ, ಹಿಂದಿನಿಂದ ಗಾಳಿ ತಳ್ಳುವ ಪಂಪು. ತುಟಿಗಳ ನಡುವೆ ಜುರ್ನಾ ಸಿಕ್ಕಿಸಿ ಗುಂಡಿ ಒತ್ತಿದರೆ ಅದು ಉಸಿರು ತಗೊಳ್ಳದೆ ಊದುತ್ತಲೇ ಇರುತ್ತದೆ. ಶರಣಪ್ಪನವರು ಅದರ ಸುತ್ತ ಎರಡು ಸುತ್ತು ಬಂದರು.

"ಇದು ನೀರು ಕುಡ್ಯಂಗಿಲ್ಲ, ಎಲಿ ಅಡಿಕಿ ಹಾಕಂಗಿಲ್ಲ. ಪಾಪ" ಎಂದರು.

ನಿಜವಾದ ಅಳತೆ ಅದರಿಂದಲ್ಲ. ಬಾಯಲ್ಲಿಡುವ ಪತ್ತಿಯನ್ನು ತೆಗೆದು ಸನಾದಿಯ ಸಣ್ಣ ತುದಿಗೆ ಎಲಿಫ್ ಬೆರಳ ಗಾತ್ರದ ಒಂದು ಸ್ಪೀಕರು, ಒಂದು ಮೈಕು ಕೂಡಿಸಿದರು. ಸ್ಪೀಕರು ತಗ್ಗು ಧ್ವನಿಯಿಂದ ಎತ್ತರದ ಧ್ವನಿಯವರೆಗೆ ಕೂಗುತ್ತಾ ಹೋಗುತ್ತದೆ. ಯಾವ ಯಾವ ಕೂಗಿಗೆ ಕೊಳವೆ ಓಗೊಡುತ್ತದೆ ಎಂಬುದನ್ನು ಮೈಕು ಕೇಳಿಸಿಕೊಂಡು ಪರದೆಯ ಮೇಲೆ ಗುಡ್ಡಗಳ ಸಾಲಿನ ಹಾಗೆ ಬಿಡಿಸುತ್ತದೆ. ಒಂದೊಂದು ತೂತು ತೆರೆದಾಗಲೂ ಒಂದೊಂದು ಸಾಲು.

ನಾನು ತರಗತಿಯಲ್ಲಿ ಹೇಳುತ್ತಿದ್ದುದನ್ನು ಅಲ್ಲಿ ಕಣ್ಣಾರೆ ಕಂಡೆ. ಊದುವವರ ಉಸಿರೇ ಸ್ವರವಲ್ಲ. ಉಸಿರಿನಿಂದ ಪತ್ತಿಯ ಎರಡು ಎಸಳು ತೆರೆದು ಮುಚ್ಚಿ ಬಡಿಯುತ್ತವೆ. ಆ ಬಡಿತ ಕೊಳವೆಯಲ್ಲಿ ಓಡಿ, ತೆರೆದ ಜಾಗದಲ್ಲಿ ಹೊರಗಿನ ಗಾಳಿಗೆ ತಾಗಿ, ಒಂದಿಷ್ಟು ಹಿಂದಕ್ಕೆ ಮರಳುತ್ತದೆ. ಮರಳಿ ಬಂದ ಅಲೆ ಪತ್ತಿಗೆ ಮುಂದಿನ ಬಡಿತ ಯಾವಾಗ ಎಂದು ಹೇಳುತ್ತದೆ. ಮೊದಲ ತೆರೆದ ತೂತು ಹತ್ತಿರವಿದ್ದರೆ ಅಲೆ ಬೇಗ ಮರಳುತ್ತದೆ, ಸ್ವರ ಏರುತ್ತದೆ. ತೂತು ದೊಡ್ಡದಾದರೂ ಹಾಗೆಯೇ, ಕೊಳವೆ ಅಷ್ಟು ಗಿಡ್ಡವಾದಂತೆ.

ಎಲಿಫ್ ಪರದೆ ನೋಡುತ್ತಾ ಹುಬ್ಬೇರಿಸಿದರು. "ಇಷ್ಟು ಹೊಂದಿಕೆಯಾಗಿ ಕೂತ ತೂತುಗಳನ್ನು ಕೈಯಿಂದ ಕೊರೆದದ್ದರಲ್ಲಿ ನಾನು ನೋಡಿಲ್ಲ" ಎಂದರು. ನಾನು ಅನುವಾದಿಸಿದೆ. ಶರಣಪ್ಪನವರು ಬಗ್ಗಿ ಸನಾದಿಯನ್ನು ಹಣೆಗೆ ಒತ್ತಿಕೊಂಡರು.

"ನಮ್ಮಪ್ಪನ ಕೈ ಅದು. ಒಮ್ಮಿ ಕೊರದ್ರ ಮುಗೀತು, ತಿದ್ದೋ ಮಾತಽ ಇರ್ಲಿಲ್ಲ."

ಉಸ್ತಾ

ಅದೇ ಮಧ್ಯಾಹ್ನ ಯೂಸುಫ್ ಉಸ್ತಾ ಬಂದರು. ಉಸ್ತಾ ಅಂದರೆ ನಮ್ಮ ಉಸ್ತಾದನೇ. ಜುರ್ನಾ ಮಾಡುವ ಮುದುಕ, ಪ್ರಯೋಗಾಲಯಕ್ಕೆ ವಾದ್ಯಗಳನ್ನು ಕೊಡುವವರು. ಸನಾದಿಯನ್ನು ಎತ್ತಿ ಬೆಳಕಿಗೆ ಹಿಡಿದರು, ಒಳಗೆ ಇಣುಕಿದರು, ಪ್ರತಿ ತೂತಿನ ಅಂಚಿನ ಮೇಲೂ ಉಗುರು ಆಡಿಸಿದರು. ಒಂದು ತೂತಿನ ಹತ್ತಿರ ಬೆರಳು ನಿಂತಿತು. ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ. ಒಡವೆ ಅಂಗಡಿಯಲ್ಲಿ ಹಳೆಯ ಸರ ತೂಗುವವರ ನೋಟ ಅದು ಅನ್ನಿಸಿತು ನನಗೆ.

ಒಂದು ದಿನ ತಮ್ಮ ಅಂಗಡಿಗೆ ಒಯ್ದು ನೋಡಬಹುದೇ ಎಂದು ಕೇಳಿದರು. ಬದಲಿಗೆ ತಮ್ಮ ಸ್ವಂತ ಜುರ್ನಾವನ್ನು ಶರಣಪ್ಪನವರ ಕೈಗಿಟ್ಟರು. ನಾನು ಬೇಡ ಎಂದು ಹೇಳುವುದರೊಳಗೆ ಇವರು "ಒಯ್ಯಲಿ, ಒಯ್ಯಲಿ" ಎಂದು ಚೀಲ ಸಮೇತ ಕೊಟ್ಟಾಗಿತ್ತು.

"ಅಣ್ಣಾರ, ಎದ್ಯಾಗ ಇಟ್ಕೊಳ್ಳೋ ಸಾಮಾನು ಹಿಂಗ ಕೊಡ್ತಾರೇನು?"

"ಅಂವ ತನ್ನ ಎದ್ಯಾನ್ದು ಕೊಟ್ಟಾನಲ್ರೀ" ಎಂದರು ಜುರ್ನಾ ತಿರುಗಿಸಿ ನೋಡುತ್ತಾ.

ಮರುದಿನ ಸಂಜೆ ಸನಾದಿ ವಾಪಸು ಬಂತು. ಶರಣಪ್ಪನವರು ತೆರೆದು ಸಹ ನೋಡದೆ ಉಸ್ತಾನನ್ನು ತಬ್ಬಿಕೊಂಡರು. ಇನ್ನು ಇವರ ಕೈಯಲ್ಲಿ ಬಿಟ್ಟರೆ ದಾರಿಯಲ್ಲಿ ಹೋಗುವವರಿಗೂ ಕೊಟ್ಟಾರು ಎಂದು, ವಾಪಸು ಹೋಗುವವರೆಗೆ ಸನಾದಿ ನನ್ನ ಕೋಣೆಯಲ್ಲೇ ಇರಲಿ ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ತಲೆಯಾಡಿಸಿ, ಕೊಟ್ಟರು.

ಹೊರಗೆ ಹಿಮ ಬೀಳುತ್ತಿತ್ತು. ಥಂಡಿಗೆ ಕಟ್ಟಿಗೆ ಸೀಳುತ್ತದೆ ಎಂದು ಎಲ್ಲೋ ಓದಿದ್ದೆ. ಕೋಣೆಯ ಕಿಟಕಿಯ ಕೆಳಗೆ ಬಿಸಿನೀರು ಹರಿಯುವ ಕಬ್ಬಿಣದ ಹೀಟರು ಇತ್ತು. ಅದರ ಮೇಲೆ ನನ್ನ ಶಾಲು ಮಡಚಿ ಹಾಸಿ, ಸನಾದಿಯ ಚೀಲವನ್ನು ಮಲಗಿಸಿದೆ. ಬಾಗಿಲಿಗೆ ಒಳಗಿನಿಂದ ಕುರ್ಚಿ ಒತ್ತಿಟ್ಟು ಮಲಗಿದೆ.

ಏರಿದ ಗಾಂಧಾರ

ಬೆಳಿಗ್ಗೆ ಪ್ರಯೋಗಾಲಯದಲ್ಲಿ ಶರಣಪ್ಪನವರು ಪತ್ತಿ ನೆನೆಸಿ, ಜೋಡಿಸಿ, ಊದಿದರು. ಎರಡು ಸ್ವರ ನುಡಿಸಿ ನಿಲ್ಲಿಸಿದರು. ಮತ್ತೆ ಊದಿದರು. ಕೆನ್ನೆಯಿಂದ ಗಾಳಿ ಇಳಿದುಹೋಯಿತು.

"ಅಕ್ಕೋರ, ಗಾಂಧಾರ ಏರ್ಯಾದ."

"ಪತ್ತಿ ಬದಲ್ ಮಾಡಿ ನೋಡ್ರಿ."

ಮಾಡಿದರು. ಮೂರು ಪತ್ತಿ ಬದಲಾಯಿಸಿದರು. ಗಾಂಧಾರ ಇಳಿಯಲಿಲ್ಲ. "ಇದು ನಂದಲ್ರೀ" ಎಂದು ಬಹಳ ಮೆಲ್ಲಗೆ ಹೇಳಿದರು. ಅಲ್ಲಿಯವರೆಗೆ ನಗುತ್ತಲೇ ಇದ್ದ ಮನುಷ್ಯ. ಅವರ ಕೈ ಸನಾದಿಯ ಮೈ ತಡಕುತ್ತಿತ್ತು, ಪರಿಚಯದವರನ್ನು ಕತ್ತಲಲ್ಲಿ ಮುಟ್ಟಿ ಗುರುತಿಸುವ ಹಾಗೆ.

ಎಲಿಫ್ ಮೊದಲು ತಪ್ಪನ್ನು ಥಂಡಿಯ ಮೇಲೆ ಹಾಕಿದರು. ತಣ್ಣನೆಯ ಗಾಳಿಯಲ್ಲಿ ಧ್ವನಿ ನಿಧಾನ ಓಡುತ್ತದೆ, ಸ್ವರ ಬದಲಾಗುತ್ತದೆ ಎಂದರು. ಅದು ನನಗೂ ಗೊತ್ತಿತ್ತು. ಆದರೆ ಥಂಡಿಗೆ ಸ್ವರ ಇಳಿಯಬೇಕು, ಏರಬಾರದು. ಅದೂ ಎಲ್ಲ ಸ್ವರ ಒಟ್ಟಿಗೆ ಇಳಿಯಬೇಕು. ಇಲ್ಲಿ ಉಳಿದವೆಲ್ಲ ಇದ್ದಲ್ಲೇ ಇವೆ, ಒಂದು ಮಾತ್ರ ಏರಿದೆ. ಮತ್ತೆ ಸ್ಪೀಕರು ಕೂಡಿಸಿ ಅಳೆದರು. ಮೊದಲ ದಿನದ ಸಾಲು, ಇವತ್ತಿನ ಸಾಲು ಒಂದರ ಮೇಲೊಂದು ಇಟ್ಟರು. ಮೇಲಿನಿಂದ ಮೂರನೆಯ ತೂತಿನ ಗುಡ್ಡ ಬಲಕ್ಕೆ, ಎತ್ತರದ ಧ್ವನಿಯ ಕಡೆಗೆ, ಸರಿದಿತ್ತು.

ಎಲಿಫ್ ಪರದೆಯ ಮೇಲೆ ಆ ಗುಡ್ಡಕ್ಕೆ ಬೆರಳಿಟ್ಟರು. ನಂತರ, "ಈ ತೂತು ಮೊದಲಿನದಲ್ಲ" ಎಂದರು.

ನನಗೆ ಅಷ್ಟೇ ಸಾಕಾಗಿತ್ತು. ಉಸ್ತಾ ಇಡೀ ದಿನ ಇಟ್ಟುಕೊಂಡಿದ್ದಾರೆ. ಒಂದೋ ನಕಲು ಮಾಡಿ ಅದನ್ನೇ ನಮಗೆ ಕೊಟ್ಟಿದ್ದಾರೆ, ಇಲ್ಲವೇ ತೂತು ಕೆರೆದು ನೋಡಿದ್ದಾರೆ. ಒಂದು ದಿನದಲ್ಲಿ ಹಳೆಯ ಕಟ್ಟಿಗೆಯ ನಕಲು ಹೇಗೆ ಸಾಧ್ಯ ಎಂದು ಒಳಗಿನಿಂದ ಯಾರೋ ಕೇಳಿದರು, ಅವರ ಬಾಯಿ ಮುಚ್ಚಿಸಿದೆ. ಕಾಲೇಜಿನ ಗೆಳತಿಯೊಬ್ಬಳಿಗೆ ಮೊಬೈಲಿನಲ್ಲಿ ಬರೆದೆ: 'ನಮ್ಮ ಶರಣಪ್ಪಣ್ಣನ ಸನಾದಿ ಇಲ್ಲಿ ಬದಲಿ ಮಾಡ್ಯಾರ. ನನ್ನ ಹತ್ತಿರ ಪುರಾವೆ ಅದ.' ಸಂಜೆಯೊಳಗೆ ಅದು ಕಮಲಾಪುರದ ಬಸ್ ನಿಲ್ದಾಣ ದಾಟಿ, ಬಾಳೆಹಣ್ಣು ಮಾರುವವರ ಬಾಯಿಗೂ ಬಂದಿತ್ತೆಂದು ಆಮೇಲೆ ತಿಳಿಯಿತು.

ಯೂಸುಫ್ ಉಸ್ತಾನ ಅಂಗಡಿ

ಕಾಗದದ ಮೇಲೆ ಆ ಎರಡು ಸಾಲುಗಳನ್ನು ಮುದ್ರಿಸಿಕೊಂಡು ಎಲಿಫ್ ಜೊತೆ ಅಂಗಡಿಗೆ ನಡೆದೆ. ಶರಣಪ್ಪನವರು ಹಿಂದೆ ಬಂದರು, ಸನಾದಿಯ ಚೀಲ ಎದೆಗೆ ಒತ್ತಿಕೊಂಡು. ಹೊಸ್ತಿಲಲ್ಲಿ ಬೂಟು ಬಿಚ್ಚಿಟ್ಟು ಒಳಗೆ ಹೋದೆವು. ಉಸ್ತಾ ಎದ್ದು ಚಹಾ ತಂದರು. ನಾನು ಲೋಟ ಮುಟ್ಟಲಿಲ್ಲ. ಕಾಗದ ಚಾಚಿ, "ಇವರು ಈ ಸನಾದಿಯನ್ನು ಏನು ಮಾಡಿದರೆಂದು ಕೇಳಿ" ಎಂದೆ. ಎಲಿಫ್ ಹಿಂಜರಿದು ಕೇಳಿದರು.

ಉಸ್ತಾ ಗದ್ದ ಮೇಲೆತ್ತಿ ನಾಲಿಗೆಯಿಂದ 'ಚ್' ಎಂದರು.

ನಾನು ಶರಣಪ್ಪನವರ ಕಡೆ ತಿರುಗಿದೆ. "ನೋಡ್ರಿ, ಹ್ಯಾಂಗ ತಿರಸ್ಕಾರ ಮಾಡ್ತಾನ!"

"ಅಕ್ಕೋರ, ಅಂವ ಇಲ್ಲ ಅಂದಾನ" ಎಂದರು ಶರಣಪ್ಪನವರು. "ನಮ್ಮ ಊರಾಗೂ ಹಂಗಽ ಅಂತೀವಲ್ರೀ."

ಹೌದು, ಅಂತೀವಿ. ನಾನೇ ದಿನಕ್ಕೆ ಹತ್ತು ಸಲ ಅಂತೀನಿ.

ಉಸ್ತಾ ಸನಾದಿ ತೆಗೆದುಕೊಂಡು ಸಣ್ಣ ದೀಪವನ್ನು ಒಳಗೆ ಬಿಟ್ಟು ನೋಡಿದರು. ಹಿತ್ತಾಳೆಯ ಬಾಯಿ ಬಿಚ್ಚಿ ಮೂಸಿದರು. ಮೂರನೆಯ ತೂತಿನ ಮೇಲೆ ಬೆರಳಿಟ್ಟು "ಮುಮ್" ಎಂದರು. ಎಲಿಫ್ ಇಂಗ್ಲಿಷಿಗೆ ತಿರುಗಿಸುವ ಮೊದಲೇ ಶರಣಪ್ಪನವರು ನೆಟ್ಟಗೆ ಕೂತರು.

"ಮೋಮ್? ಮೋಮ್‌ಬತ್ತಿ ಮೋಮ್?"

"ಮುಮ್, ಮುಮ್" ಎಂದು ಉಸ್ತಾ ತಲೆಯಾಡಿಸಿದರು. ಉದ್ದನೆಯ ಕಡ್ಡಿಯೊಂದನ್ನು ಒಳಗೆ ಬಿಟ್ಟು ಕೆರೆದು ತೆಗೆದರು. ತುದಿಯಲ್ಲಿ ಕರಿ ಮೇಣದ ಉಂಡೆ. ತೂತಿನಿಂದ ಕರಗಿ ಇಳಿದು ಕೊಳವೆಯ ಗೋಡೆಗೆ ತೆಳುವಾಗಿ ಹತ್ತಿಕೊಂಡಿತ್ತು.

ಆಮೇಲೆ ತಮ್ಮ ಪುಸ್ತಕ ತೆರೆದರು. ಹಿಂದಿನ ಇಡೀ ದಿನ ಕೂತು ಅವರು ಸನಾದಿಯ ಚಿತ್ರ ಬರೆದುಕೊಂಡಿದ್ದರು. ಪ್ರತಿ ತೂತಿಗೂ ಅಳತೆ. ಮೂರನೆಯ ತೂತಿನೊಳಗೆ ಒಂದು ಅರ್ಧಚಂದ್ರ, ಪೆನ್ಸಿಲಿನಿಂದ ಕಪ್ಪು ಮಾಡಿದ್ದು. ಆ ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಆಮೇಲೆ ಮೇಣ ತುಂಬಿ ಸಣ್ಣದು ಮಾಡಿದ್ದರು. ಮೇಣ ಹಳೆಯದಾಗಿ ಕಟ್ಟಿಗೆಯದೇ ಬಣ್ಣ ಪಡೆದಿತ್ತು. ಮೊದಲ ದಿನ ಉಸ್ತಾನ ಬೆರಳು ನಿಂತದ್ದು ಅಲ್ಲೇ. ಮಗನ ಎದುರು ತಂದೆಯ ಕೆಲಸದ ತೇಪೆ ತೋರಿಸುವುದು ಸರಿಯಲ್ಲವೆಂದು ಸುಮ್ಮನಿದ್ದರಂತೆ.

"ಇದು ಬಿಸಿಗೆ ಕರಗಿದೆ. ಎಲ್ಲಿ ಇಟ್ಟಿದ್ದಿರಿ ಎಂದು ಕೇಳುತ್ತಿದ್ದಾರೆ" ಎಂದರು ಎಲಿಫ್.

ಕೋಣೆಯ ಹೀಟರು ನನ್ನ ಕಣ್ಣ ಮುಂದೆ ಬಂದು ನಿಂತಿತು. ಸುಳ್ಳು ಹೇಳುವ ಮನಸ್ಸಾಗಲಿಲ್ಲ ಎಂದರೆ ಅದೇ ಸುಳ್ಳಾದೀತು. ಆಯಿತು. ಶರಣಪ್ಪನವರಿಗೆ ಹೀಟರಿನ ವಿಷಯ ಗೊತ್ತಿರಲಿಲ್ಲ. ಆದರೆ ಅವರು ಆಗಲೇ ನನ್ನ ಕಡೆ ನೋಡುತ್ತಿದ್ದರು.

"ನಾನಽ ಇಟ್ಟಿದ್ದೆ ಅಣ್ಣಾರ, ಹೀಟರಿನ ಮ್ಯಾಲ. ಥಂಡಿಗಿ ಸೀಳ್ತದಂತ. ನಿಮ್ಮ ಕೈಯಾಗ ಬಿಡಬಾರ್ದಂತ." ಉಸ್ತಾನ ಕಡೆ ತಿರುಗಿ ಕೈ ಮುಗಿದೆ. ಕ್ಷಮೆಗೆ ಅವರ ಭಾಷೆಯಲ್ಲಿ ಏನನ್ನುತ್ತಾರೋ ಗೊತ್ತಿರಲಿಲ್ಲ. "ಮಾಫ್" ಎಂದೆ. ಅದೂ ಅರ್ಧ ಮುಟ್ಟಿತು ಅನ್ನಿಸುತ್ತದೆ. ಅವರು ನನ್ನ ಆರಿದ ಚಹಾ ಚೆಲ್ಲಿ ಬೇರೆ ತುಂಬಿದರು.

ಶರಣಪ್ಪನವರಿಗೆ ನನ್ನ ಮೇಲೆ ಸಿಟ್ಟು ಬಂದಿರಲಿಲ್ಲ. ಅವರು ಆ ಪೆನ್ಸಿಲಿನ ಅರ್ಧಚಂದ್ರವನ್ನೇ ನೋಡುತ್ತಿದ್ದರು.

"ಅಪ್ಪನ ಕೈಯೂ ತಪ್ಪಿತ್ತು ಅಂದಂಗಾತು" ಎಂದರು. "ನನಗ ಎಂದೂ ಹೇಳ್ಲಿಲ್ಲ ನೋಡ್ರಿ."

ಉಸ್ತಾ ಜೇನುಮೇಣ ಬಿಸಿ ಮಾಡಿದರು. ಇಬ್ಬರೂ ನೆಲದ ಮೇಲೆ ಕೂತು, ತುಂಬಿ, ಊದಿ, ಉಗುರಿನಿಂದ ತೀಡಿ, ಮತ್ತೆ ಊದಿ, ಮಧ್ಯಾಹ್ನದೊಳಗೆ ಗಾಂಧಾರವನ್ನು ಅದರ ಜಾಗಕ್ಕೆ ತಂದರು. ನನ್ನ ಕಾಗದವನ್ನು ಯಾರೂ ಕೇಳಲಿಲ್ಲ.

ಕಮಲಾಪುರ

ನಾವು ತಿರುಗಿ ಬರುವುದರೊಳಗೆ ಊರು ತೀರ್ಮಾನ ಮಾಡಿಕೊಂಡಿತ್ತು. ಗೆಳತಿಗೆ ನಾನು ಕಳಿಸಿದ ಎರಡನೆಯ ಸಂದೇಶ, 'ತಪ್ಪು ನನ್ನದು, ಸನಾದಿ ಅದೇ' ಎಂಬುದು, ಅವಳ ಮೊಬೈಲು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. "ಪರದೇಶದಾವ್ರು ಟೊಪಗಿ ಹಾಕ್ಯಾರ, ಅಕ್ಕೋರು ಮಾನಕ್ಕಂಜಿ ಈಗ ಸುಳ್ಳು ಹೇಳಾಕತ್ತಾರ" ಎಂದು ಕಾಲೇಜಿನ ಜವಾನನೇ ನನ್ನ ಮುಖಕ್ಕೆ ಹೇಳಿದ. ಅನುಮಾನ ಪಡುವವರ ಎದುರು ನಿಲ್ಲುವುದು ಹೇಗಿರುತ್ತದೆಂದು ಯೂಸುಫ್ ಉಸ್ತಾನನ್ನು ಕೇಳಬೇಕಿತ್ತು.

ಹತ್ತು ದಿನಕ್ಕೆ ಒಂದು ಮದುವೆ ಬಂತು. ನಾನೂ ಹೋಗಿದ್ದೆ. ಚಪ್ಪರದ ಪಕ್ಕದ ಜಮಖಾನೆಯ ಮೇಲೆ ಶರಣಪ್ಪನವರು ಕೂತಿದ್ದರು. ಅವರ ಪಕ್ಕದಲ್ಲಿ ಅವರ ಕಾಕಾ, ತಂದೆಯ ತಮ್ಮ ಬಸಣ್ಣ, ಎಂಬತ್ತರ ಮುದುಕ. ಒಂದೇ ಸ್ವರ ಹಿಡಿದು ಕೂಡುವ ಸುರ್ತಿ ಅವರದು. ಶರಣಪ್ಪನವರು ಒಂದು ಸುತ್ತು ನುಡಿಸಿದರು. ಮುದುಕ ಸುರ್ತಿಯನ್ನು ಬಾಯಿಂದ ತೆಗೆದು ತೊಡೆಯ ಮೇಲಿಟ್ಟರು.

"ಇದು ನಮ್ಮಣ್ಣನ ಸನಾದಿ ಅಲ್ಲ" ಎಂದರು. ಜೋರಾಗಿ ಹೇಳಲಿಲ್ಲ, ಆದರೂ ಸುತ್ತ ಕೂತವರಿಗೆಲ್ಲ ಕೇಳಿಸಿತು.

"ಅದಽ ಕಾಕಾ."

"ಗಾಂಧಾರ ಬ್ಯಾರೆ ಅದ."

ನಾನು ಎದ್ದೆ. ತಪ್ಪು ನನ್ನದೆಂದು ಎಲ್ಲರೆದುರು ಹೇಳಲು ಬಾಯಿ ತೆರೆದೆ. ಶರಣಪ್ಪನವರು ಕೈ ಮಾಡಿ ನನ್ನನ್ನು ಕೂಡಿಸಿದರು. ಪತ್ತಿ ತೆಗೆದು, ಸನಾದಿಯನ್ನು ಕಾಕಾನ ಮುಂದೆ ಹಿಡಿದು, ಮೂರನೆಯ ತೂತಿನ ಮೇಲೆ ಬೆರಳಿಟ್ಟರು.

"ಇಲ್ಲಿ ಮೇಣ ಇತ್ತು ಕಾಕಾ, ಕರಗ್ತು. ಹೊಸಾದು ತುಂಬೀವಿ, ಅದಕ್ಕ ಬ್ಯಾರೆ ಕೇಳ್ತದ." ಅವರು ಸುತ್ತ ಕೂತವರ ಕಡೆ ತಿರುಗಲಿಲ್ಲ, ಆದರೆ ಅವರಿಗೂ ಕೇಳುವ ಹಾಗೆ ಹೇಳಿದರು. "ಅಪ್ಪ ಈ ತೂತು ದೊಡ್ಡದು ಕೊರದಿದ್ದ. ತಪ್ಪು ಮುಚ್ಚಾಕ ಮೇಣ ಹಾಕಿದ್ದ."

ಮುದುಕ ತೂತಿನ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಬಹಳ ಹೊತ್ತು ನೋಡಿದರು. ಚಪ್ಪರದೊಳಗಿನಿಂದ ಯಾರೋ "ಯಾಕ ನಿಂತ್ರಿ, ಊದ್ರಿ!" ಎಂದು ಕೂಗಿದರು.

"ನಿಮ್ಮಪ್ಪ ಕೊರದಿಲ್ಲೋ" ಎಂದರು ಬಸಣ್ಣ. "ಅಂವ ಉಣ್ಣಾಕ ಹೋಗಿದ್ದ. ನಾ ಕೊರದೆ. ನನಗೂ ಬರ್ತದಂತ ತೋರಸ್ಬೇಕಿತ್ತು. ಬಂದು ನೋಡಿದ, ಏನೂ ಅನ್ಲಿಲ್ಲ. ಮೇಣ ತಂದು ಕೂತ. ಸಾಯೋತನಕ ಯಾರಿಗೂ ಹೇಳ್ಲಿಲ್ಲ, ನನಗೂ ಒಂದ್ ಮಾತು ಅನ್ಲಿಲ್ಲ."

ಶರಣಪ್ಪನವರು ಏನೋ ಹೇಳಲು ಹೋದರು.

"ಆ ಸ್ವರ ಬಂದಾಗೊಮ್ಮೆ ನನ್ನ ತಪ್ಪು ನನಗ ಕೇಳ್ತಿತ್ತು" ಎಂದರು ಮುದುಕ. "ನಿಮಗ್ಯಾರಿಗೂ ಕೇಳ್ತಿದ್ದಿಲ್ಲ, ನನಗ ಕೇಳ್ತಿತ್ತು. ಇವತ್ತ ಕೇಳ್ಲಿಲ್ಲ."

ಸನಾದಿಯನ್ನು ಅಣ್ಣನ ಮಗನ ಕೈಗೆ ವಾಪಸು ಕೊಟ್ಟರು. ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು, ಸುರ್ತಿ ಎತ್ತಿಕೊಂಡು, ಕೆನ್ನೆ ತುಂಬ ಗಾಳಿ ಹಿಡಿದು ಸ್ವರ ಕೊಟ್ಟರು.